ಹಾಲಿನ ತಕ್ಕಡಿಯ ಮೊರೆ

ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವರನ್ನು ಕಂಡರೆ ನನಗೆ ಒಳಗೊಳಗೇ ಭಯ. ನಾನು ಬೀಗದ ಕೈ ಹುಡುಕುವಾಗಲೂ "ಇಲ್ಲಿಲ್ಲ, ಇಲ್ಲೂ ಇಲ್ಲ" ಎಂದು ವರದಿ ಒಪ್ಪಿಸುತ್ತಲೇ ಹುಡುಕುವವನು. ಶಾಲೆಯಲ್ಲಿ ನಾನು ಉತ್ತರ ಗೊಣಗುತ್ತಾ ಪರೀಕ್ಷೆ ಬರೆದದ್ದರಿಂದ ಪಕ್ಕದವನಿಗೆ ನನಗಿಂತ ಹೆಚ್ಚು ಅಂಕ ಬಂದಿತ್ತು. ಈಗ ನಂಜನಗೂಡಿನ ಸಣ್ಣ ಕಾರ್ಖಾನೆಯೊಂದರಲ್ಲಿ ಹಾಲು ತೂಗುವ ಯಂತ್ರಗಳಿಗೆ ಡ್ರೈವರ್ ಬರೆಯುತ್ತೇನೆ. ಡ್ರೈವರ್ ಎಂದರೆ ತಕ್ಕಡಿಗೂ ಕಂಪ್ಯೂಟರಿಗೂ ನಡುವೆ ಮಾತು ಮುಟ್ಟಿಸುವ ಪ್ರೋಗ್ರಾಮು. ಅದು ಎಲ್ಲಿ ಎಡವಿತೆಂದು ತಿಳಿಯಲು ನಡುನಡುವೆ ಸಂದೇಶ ಬರೆಸಬೇಕು. ಪರದೆಯ ಮೇಲೆ ಕೂಗಿ ಹೇಳಿಸಬಹುದು, ಬೇಕೆಂದಾಗ ಮಾತ್ರ ಬಾಯಿ ಬಿಡಿಸಬಹುದು, ಇಲ್ಲವೇ ಸದ್ದಿಲ್ಲದೆ ಮೆಮೊರಿಯಲ್ಲಿ ಬರೆಸಿಟ್ಟು ಆಮೇಲೆ ಓದಬಹುದು. ನಾನು ಯಾವುದನ್ನು ಆರಿಸಿದೆನೆಂದು ಬೇರೆ ಹೇಳಬೇಕಾಗಿಲ್ಲ.

ತಿ. ನರಸೀಪುರದ ಹತ್ತಿರದ ಹಳ್ಳಿಯೊಂದರ ಡೇರಿಗೆ ಕೊಟ್ಟ ಯಂತ್ರ ಆಗಾಗ ನಿಂತುಬಿಡುತ್ತಿತ್ತು. ಡೇರಿಯ ಸೆಕ್ರೆಟರಿ ಮಾದಪ್ಪ ಫೋನಿನಲ್ಲಿ, "ಇನ್ನೊಂದ್ ಸಲ ನಿಂತ್ರೆ ವಾಪಸ್ ತಕೊಂಡೋಗಿ ಸಾ, ನಮ್ ಅಳೇ ತಕ್ಕಡಿನೇ ವಾಸಿ" ಅಂದರು. ಯಂತ್ರ ವಾಪಸ್ಸು ಬಂದರೆ ನಾನು ಮನೆ ಸೇರಬೇಕಾಗುತ್ತದೆಂದು ಮಾಲೀಕರ ಮುಖವೇ ಹೇಳುತ್ತಿತ್ತು. ಹೆದರಿ, ಹೆಜ್ಜೆ ಹೆಜ್ಜೆಗೂ ಸಂದೇಶ ತುರುಕಿದೆ. ಅಕ್ಷರ ಇಂಗ್ಲಿಷು, ಮಾತು ಅಚ್ಚ ಕನ್ನಡ: "ಇಲ್ಲಿಗೆ ಬಂದೆ." "ತೂಕ ಕೇಳಿದೆ." "ಶಿವನೇ, ಇದೊಂದು ಸಲ ಕಾಪಾಡು." ಆಶ್ಚರ್ಯವೆಂದರೆ ಆಮೇಲೆ ಕಾರ್ಖಾನೆಯಲ್ಲಿದ್ದ ಅಂಥದ್ದೇ ಯಂತ್ರ ನಿಲ್ಲಲೇ ಇಲ್ಲ. ಮಾತಾಡುತ್ತಿದ್ದರೆ ಕೆಲಸ ಸಾಗುತ್ತದೆಂಬ ನನ್ನ ಸಿದ್ಧಾಂತಕ್ಕೆ ಪುರಾವೆ ಸಿಕ್ಕಿತೆಂದು ಬೀಗಿ, ಆ ಡ್ರೈವರನ್ನು ಹಾಗೆಯೇ ಒಯ್ದು ಡೇರಿಯ ಯಂತ್ರದಲ್ಲಿ ಕೂರಿಸಿದೆ. ಸಂದೇಶಗಳೆಲ್ಲ ಬೀಳುವುದು ಹಾಲು ಹಾಕುವವರ ಕಡೆಗಿರುವ ಪರದೆಯ ಮೇಲೆಯೇ ಎಂಬುದು ಮಾತ್ರ ಮರೆತೇಹೋಗಿತ್ತು.

ಬೆಳಗಿನ ಮೊದಲ ಸರದಿ ಸಾಕಮ್ಮನದು. ಆಕೆ ಕ್ಯಾನು ಇಟ್ಟಳು. ತೂಕ ಬರಬೇಕಾದಲ್ಲಿ ಪ್ರಾರ್ಥನೆ ಬಂತು. ಮಾದಪ್ಪ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ಸಾಕಮ್ಮ ಕ್ಯಾನು ಎತ್ತಿಕೊಂಡು ಹಿಂದೆ ಸರಿದಳು.

"ಮಿಸನ್ನೇ ಸಿವನ್ ಮೊರೆ ಓಯ್ತಾ ಅದೆ. ಇನ್ ನನ್ ಆಲಿನ ಗತಿ ಏನಪ್ಪಾ?"

"ಮಿಸನ್ ಅಲ್ಲ ಕಣಕ್ಕ, ಈ ಇಂಜಿನಿಯರ್ರು" ಎಂದು ಮಾದಪ್ಪ ನನ್ನನ್ನು ತೋರಿಸಿದರು. ಸಾಲಿನಲ್ಲಿದ್ದವರೆಲ್ಲ ನನ್ನನ್ನು ಮರುಕದಿಂದ ನೋಡಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲೇ ಲ್ಯಾಪ್‌ಟಾಪ್ ಬಿಚ್ಚಿ ಸಂದೇಶಗಳನ್ನೆಲ್ಲ ಮೆಮೊರಿಗೆ ತಿರುಗಿಸಿದೆ. ಯಂತ್ರ ತಕ್ಷಣ ನಿಂತಿತು. ಆದರೆ ಎಲ್ಲಿ ಎಡವಿತೆಂಬುದು ಮೆಮೊರಿಯಲ್ಲಿತ್ತು. ತಕ್ಕಡಿಯನ್ನು ತೂಕ ಕೇಳಿದ ನನ್ನ ಡ್ರೈವರ್, ಅದು ಉತ್ತರ ಕೊಡುವ ಮೊದಲೇ ಮತ್ತೆ ಕೇಳುತ್ತಿತ್ತು. ಪಾಪ, ತಕ್ಕಡಿ ಗಾಬರಿಯಾಗಿ ಸುಮ್ಮನಾಗುತ್ತಿತ್ತು. ಪರದೆಯ ಮೇಲೆ ಬರೆಯುವಷ್ಟು ಹೊತ್ತು ಅದಕ್ಕೆ ಬಿಡುವು ಸಿಕ್ಕಿದ್ದರಿಂದ ಮೊದಲು ಬಚಾವಾಗಿತ್ತು, ಅಷ್ಟೆ. ಕೇಳಿದ ಮೇಲೆ ಕ್ಷಣಕಾಲ ಕಾಯುವ ಒಂದು ಸಾಲನ್ನು ಡ್ರೈವರಿಗೆ ಸೇರಿಸಿದೆ. ಸಾಕಮ್ಮನ ಹಾಲು ತೂಗಿತು, ಜನ ಕರಗಿದರು, ನನ್ನ ಕೆಲಸ ಉಳಿಯಿತು.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಸವಿಸ್ತಾರವಾಗಿ ಹೇಳಿದೆ. "ಅರ್ಥ ಆಯ್ತಾ? ತಪ್ಪು ಎಲ್ಲಿತ್ತು ಗೊತ್ತಾಯ್ತಾ? ಊಟಕ್ಕೇನು? ಯಾಕೆ ಸುಮ್ನಿದೀಯ?"

"ಡೇರೀಲಿ ಸೇರಿಸಿದ್ರಲ್ಲ, ಆ ಸಾಲನ್ನ ಮನೇಲೂ ಒಂದು ಹಾಕ್ಕೊಳ್ಳಿ" ಎಂದಳು.

ಅಂದಿನಿಂದ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಕಾಯುವಾಗ ನನ್ನ ತುಟಿ ಅಲ್ಲಾಡುತ್ತಿರುತ್ತದಂತೆ. "ಶಿವನೇ, ಇದೊಂದು ಸಲ ಕಾಪಾಡು" ಎನ್ನುತ್ತಿದ್ದೇನೆಂದು ಅವಳಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.