ಮಾವನ ಗಾಡಿ ನೆಟ್ಟಗಾದದ್ದು

ನಮ್ಮ ಸೋದರಮಾವ ಚಳ್ಳಕೆರೆಯ ಬೀದಿಗಳಲ್ಲಿ ವರ್ಷಗಟ್ಟಲೆ ಒಂದು ದಿನವೂ ನೆಟ್ಟಗೆ ಹೋದವರಲ್ಲ! ತಪ್ಪು ತಿಳಿಯಬೇಡಿ, ಅವರು ಹೆಂಡ ಮುಟ್ಟಿದವರಲ್ಲ. ನಾನು ಹೇಳುತ್ತಿರುವುದು ಅವರ ಕಾರಿನ ವಿಷಯ.

ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ, ನನಗಿಂತ ವಯಸ್ಸಾದ ಕೆಂಪು ಸ್ಪೋರ್ಟ್ಸ್ ಕಾರು. ಗುಜರಿಯಲ್ಲಿ ಕೊಳೆಯುತ್ತಿದ್ದುದನ್ನು ತಂದು, ಮುರಿದಿದ್ದ ಹಿಂದಿನ ಆಕ್ಸಲ್ ಕಿತ್ತು, ಹಳೇ ಜೀಪಿನ ಆಕ್ಸಲ್ಲನ್ನೂ ಪಟ್ಟಿ ಸ್ಪ್ರಿಂಗನ್ನೂ ತಾವೇ ಕೂರಿಸಿದರು. ಶುರುವಾಯಿತು ನೋಡಿ! ಮುಂದಿನ ಚಕ್ರ ಬಳ್ಳಾರಿಗೆ ಹೊರಟರೆ ಹಿಂದಿನವು ಪಾವಗಡಕ್ಕೆ ಹೊರಡುತ್ತಿದ್ದವು. ಬೀದಿನಾಯಿ ಓಡುವಾಗ ಹಿಂಗಾಲು ಪಕ್ಕಕ್ಕೆ ಬರುತ್ತದಲ್ಲ, ಹಾಗೆ.

ಒಮ್ಮೆ ಸರ್ಕಲ್ಲಿನಲ್ಲಿ ಪೊಲೀಸಿನವರು ಕೈ ಅಡ್ಡ ಹಾಕಿ, "ಯಾವ ಕಡೆ ತಿರುಗ್ತೀರಿ?" ಅಂದರು.

"ತಿರುಗಲ್ಲ, ನೆಟ್ಟಗೆ ಹೋಗ್ತೀನಿ."

"ನೀವು ಹಂಗಂತೀರಿ, ಗಾಡಿ ಬ್ಯಾರೆ ಹೇಳ್ತೈತಲ್ಲ ಸ್ವಾಮಿ!"

ಅಲೈನ್‌ಮೆಂಟ್ ಅಂಗಡಿಯವನೂ ಕೈ ಮುಗಿದ. "ಮುಂದಿನ ಚಕ್ರ ಆದ್ರೆ ಸರಿ ಮಾಡ್ತೀನಿ. ಹಿಂದಿಂದಕ್ಕೆ ತಿರುಗಿಸೋಕೆ ಬೋಲ್ಟೇ ಇಲ್ಲ, ದೇವರೇ ತಿರುಗಿಸ್ಬೇಕು." ಮಾವ ದೇವರಿಗಾಗಿ ಕಾಯುವ ಪೈಕಿಯೇ? ಚಕ್ರದಿಂದ ಚಕ್ರಕ್ಕೆ ದಾರ ಕಟ್ಟಿ ತಾವೇ ಅಳೆಯಲು ಕೂತರು. ಹತ್ತಿ ದಾರ ಜೋಲುತ್ತದೆಂದು ಅತ್ತೆಯ ಪೆಟ್ಟಿಗೆಯಿಂದ ರೇಷ್ಮೆ ಎಳೆ ತೆಗೆದರು! ಅತ್ತೆ ಮೊಳಕಾಲ್ಮೂರಿನ ನೇಕಾರರ ಮಗಳು, ಸುಮ್ಮನೆ ಬಿಟ್ಟಾರೆಯೇ?

"ನನಗೊಂದು ರೇಷ್ಮೆ ಸೀರೆ ಕೊಡಿಸ್ಲಿಲ್ಲ, ಗಾಡಿಗೆ ಉಡಿಸ್ತೀರಾ?"

ಬೈದರೂ ಅತ್ತೆಗೆ ಆ ಗಾಡಿಯ ಮೇಲೆ ಬಲು ಆಸೆ. ಒಂದೇ ಒಂದು ಸಲ ಅದರಲ್ಲಿ ಹೋಗಿ ತವರಿನ ಬೀದಿಯಲ್ಲಿ ಇಳಿಯಬೇಕು, ಅಷ್ಟೇ. "ಸೊಟ್ಟಗಾದ್ರೂ ಸರಿ, ಹೋಗಣ ಬರ್ರಿ" ಎಂದು ಹಬ್ಬ ಬಂದಾಗಲೆಲ್ಲ ಕೇಳುತ್ತಿದ್ದರು.

"ಸುಮ್ಕಿರೆ! ನಿಮ್ಮೂರೋರೆಲ್ಲ ಮಗ್ಗದ ಮುಂದೆ ಕೂತು ಎಳೆ ನೋಡೋ ಜನ. ಒಂದೆಳೆ ಓರೆಯಾದ್ರೂ ಕಂಡುಹಿಡೀತಾರೆ. ಅಳಿಯ ಇಂಥ ಗಾಡೀಲಿ ಬಂದ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಹೀಗೆ ಅಳಿಯನ ಮರ್ಯಾದೆ ಗಾಡಿಯಡಿ ಅಂಗಾತ ಮಲಗಿತು. ಬುಷ್ ಬದಲಾಯಿತು, ಶಾಕ್ ಅಬ್ಸಾರ್ಬರ್ ಬದಲಾಯಿತು, ಸ್ಪ್ರಿಂಗ್ ಬಿಚ್ಚಿ ಕಟ್ಟಿದ್ದಕ್ಕೆ ಲೆಕ್ಕವೇ ಇಲ್ಲ. ಅತ್ತೆ ವರ್ಷವರ್ಷವೂ ಬಸ್ಸಿನಲ್ಲೇ ತವರಿಗೆ ಹೋಗಿ ಬಂದರು.

ಕೊನೆಗೆ ಈ ವರ್ಷ ಕಳ್ಳ ಸಿಕ್ಕಿದ. ಸ್ಪ್ರಿಂಗಿನ ನಡುಬೋಲ್ಟು ಕೂರುವ ತೂತು ಒಂದು ಪಕ್ಕದಲ್ಲಿ ಬೆರಳಗಲ ಮುಂದಿತ್ತು. ಹಾಗಾಗಿ ಆಕ್ಸಲ್ಲೇ ಓರೆಯಾಗಿ ಕೂತಿತ್ತು. ಆ ತೂತು ಕೊರೆದ ಮಹಾನುಭಾವ ಯಾರು? ಮಾವನೇ! ಬೇರೆ ತೂತು ಕೊರೆದು ಕಟ್ಟಿ, ಎಣ್ಣೆ ಮಿಲ್ಲಿನ ರಸ್ತೆಯಲ್ಲಿ ಸ್ಟೇರಿಂಗ್ ಬಿಟ್ಟು ಎರಡೂ ಕೈ ಮೇಲೆತ್ತಿ ಓಡಿಸಿದರು. ಎದುರಿಗೆ ಬಂದ ಶೇಂಗಾ ಲಾರಿಯವನು ಹೆದರಿ ತಾನೇ ಸೊಟ್ಟಗೆ ಹೋದ!

ಮನೆ ಮುಂದೆ ನಿಲ್ಲಿಸಿ ಹಾರನ್ ಹೊಡೆದರು. "ಬಾರೆ, ನಿಮ್ಮೂರಿಗೆ ಹೋಗಣ!" ಅತ್ತೆ ಒಳ್ಳೆಯ ಸೀರೆಯುಟ್ಟು, ಹೂ ಮುಡಿದು ಬಂದರು. ನಾನೇ ಬಾಗಿಲು ತೆಗೆದೆ. ಸೀಟು ನೆಲದಿಂದ ಒಂದು ಗೇಣು ಮೇಲಿದೆ, ಅಷ್ಟೇ. ಇಷ್ಟು ವರ್ಷಕ್ಕೆ ಸವೆದ ಅತ್ತೆಯ ಮಂಡಿ ಬಗ್ಗಲಿಲ್ಲ. ಬಾಗಿಲು ಹಿಡಿದು, ನನ್ನ ಹೆಗಲು ಹಿಡಿದು ನೋಡಿದರು. ನೋವಿಗೆ ಕಣ್ಣಲ್ಲಿ ನೀರು ಬಂತೇ ಹೊರತು ಕೂರಲಾಗಲಿಲ್ಲ.

"ಪೋನೀಲೆಂಡಿ," ಎಂದರು ಅತ್ತೆ. ಹೋಗಲಿ ಬಿಡಿ ಎಂಬುದನ್ನು ಅವರು ತವರಿನ ತೆಲುಗಿನಲ್ಲೇ ಹೇಳುವುದು. "ಬಸ್ಸಿಗೇ ಹೋಗಣ."

ಮಾವ ಇಳಿದು ಬಂದರು. ಆ ಮುಖವನ್ನು ನೋಡಲು ನನ್ನಿಂದಾಗಲಿಲ್ಲ.

"ಸೊಟ್ಟ ಇದ್ದಾಗ್ಲೇ ಕರ್ಕೊಂಡು ಹೋಗ್ಬೇಕಿತ್ತು ಕಣೆ. ನಿಮ್ಮೂರೋರು ನಕ್ಕಿದ್ರೆ ನಗ್ತಿದ್ರು."

"ನಾನೂ ನಗ್ತಿದ್ದೆ. ಅವಾಗ ನಮ್ಮವ್ವ ಇನ್ನೂ ಇದ್ಲು. ಬಾಗಿಲಿಗೆ ಬಂದು ನೋಡ್ತಿದ್ಲು."

ಅತ್ತೆ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಬೈದಿದ್ದರೆ ಮಾವನಿಗೆ ಎಷ್ಟೋ ಹಗುರಾಗುತ್ತಿತ್ತು. ಮಾವ ಆ ಗಾಡಿಯ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತು, ನನ್ನೆದುರಿಗೇ ಅತ್ತುಬಿಟ್ಟರು.