ಅರ್ಜಿ ಹಾಕುವ ಡಾಕ್ಟರು

ನನ್ನ ಕೆಲಸದಲ್ಲಿ ನಗುವಂಥದ್ದು ಏನೂ ಇಲ್ಲ ಎಂದೇ ನಾನು ನಂಬಿದ್ದೆ. ಆದರೆ ಆಗಾಗ ಏನಾದರೊಂದು ಆಗುತ್ತದೆ, ನಾನು ಮನೆಗೆ ಬಂದು ಅದನ್ನು ಗಂಭೀರವಾಗಿಯೇ ಹೇಳುತ್ತೇನೆ, ಕೇಳಿದವರು ನಗುತ್ತಾರೆ. ಹಾಗಾಗಿ ಬರೆದೇಬಿಡೋಣ ಎನ್ನಿಸಿತು. ಇಂಥದ್ದನ್ನು ಬರೆಯುವುದು ಇದೇ ಮೊದಲು. ಇಲ್ಲಿಯವರೆಗೆ ಬರೆದದ್ದೆಲ್ಲ ಅರ್ಜಿಗಳೇ, ಅವುಗಳಲ್ಲಿ ಹಿನ್ನೆಲೆ ಮೊದಲು ಬರಬೇಕೆಂಬ ನಿಯಮವಿದೆ. ಆದ್ದರಿಂದ ಹಿನ್ನೆಲೆ.

ನಾನು ವೈದ್ಯಕೀಯ ಓದಿದವಳು, ಆದರೆ ಯಾರಿಗೂ ಔಷಧಿ ಬರೆದುಕೊಡುವುದಿಲ್ಲ. ಮುಂಬೈಯ ಪರೇಲ್ ಕಡೆಯ ಒಂದು ಸಂಸ್ಥೆಯಲ್ಲಿ ಸಂಶೋಧನೆ ಮಾಡುತ್ತೇನೆ. ಊಟದ ಹೊತ್ತು ತಪ್ಪಿದರೆ ರಕ್ತದಲ್ಲಿರುವ ಸಕ್ಕರೆ ಏನಾಗುತ್ತದೆ ಎಂಬುದು ನನ್ನ ವಿಷಯ. ಇದಕ್ಕೆ ಹೋಟೆಲ್ ಅಡುಗೆಮನೆಯವರಿಗಿಂತ ಸರಿಯಾದ ಜನ ಇಲ್ಲ. ಊರಿಗೆಲ್ಲ ಹೊತ್ತಿಗೆ ಸರಿಯಾಗಿ ಬಡಿಸಿ, ತಾವು ಮಧ್ಯಾಹ್ನದ ಊಟವನ್ನು ಸಂಜೆಯ ಹತ್ತಿರಕ್ಕೆ ಉಣ್ಣುವವರು ಅವರು. ಈ ಕೆಲಸಕ್ಕೆ ಸಂಬಳ ತಾನಾಗಿ ಬರುವುದಿಲ್ಲ. ಹೊಸ ಸಂಶೋಧಕರಿಗೆಂದೇ ಐದು ವರ್ಷದ ಒಂದು ಅನುದಾನ ಇದೆ, ಅದಕ್ಕೆ ಅರ್ಜಿ ಹಾಕಬೇಕು. ನಾವೆಲ್ಲ ಅದನ್ನು ಗ್ರಾಂಟ್ ಎನ್ನುತ್ತೇವೆ. ನಾನು ಎರಡು ಸಲ ಹಾಕಿ ಎರಡು ಸಲವೂ ಇಲ್ಲ ಎನ್ನಿಸಿಕೊಂಡಿದ್ದೆ. ಮೂರನೆಯದೇ ಕೊನೆ, ಏಕೆಂದರೆ ಆಮೇಲೆ ನನ್ನನ್ನು ಹೊಸಬಳು ಎನ್ನಲು ನಿಯಮ ಒಪ್ಪುವುದಿಲ್ಲ. ಅದೂ ಸಿಗದಿದ್ದರೆ ಅಂಧೇರಿಯ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕ್ಲೇಮ್ ಕಾಗದ ಪರೀಕ್ಷಿಸುವ ಕೆಲಸ ಕಾದಿತ್ತು. ಒಳ್ಳೆಯ ಕೆಲಸವೇ. ನನಗೆ ಬೇಡವಾಗಿತ್ತು, ಅಷ್ಟೆ.

ಲಿಫ್ಟಿನಲ್ಲಿ ನಾಲಿಗೆ

ನಮ್ಮ ಮನೆ ಇರುವುದು ಆಂಟಾಪ್ ಹಿಲ್‌ನಲ್ಲಿ. ಬಿಲ್ಡಿಂಗಿನವರಿಗೆಲ್ಲ ನಾನು ಡಾಕ್ಟರೆಂದು ಗೊತ್ತು, ಉಳಿದದ್ದು ಗೊತ್ತಿಲ್ಲ. ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ಯಾರಾದರೊಬ್ಬರು ನಾಲಿಗೆ ಚಾಚುತ್ತಾರೆ. ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎನ್ನುವವರು, ಒಮ್ಮೆ ನಾಲಿಗೆ ಚಾಚಿದಾಗ, ನಾನು ರೋಗಿಗಳನ್ನು ನೋಡುವುದಿಲ್ಲ, ಸಂಶೋಧನೆ ಎಂದರೆ ಬೇರೆ, ಎಂದು ವಿವರಿಸಲು ಶುರು ಮಾಡಿದೆ. ವಿವರಣೆ ಮುಗಿಯುವಷ್ಟರಲ್ಲಿ ಲಿಫ್ಟು ಮೇಲೆ ಹೋಗಿ ಮತ್ತೆ ಕೆಳಗೆ ಬಂದಿತ್ತು. ಕಾಕು ಅಷ್ಟು ಹೊತ್ತೂ ನಾಲಿಗೆ ಒಳಗೆಳೆದುಕೊಂಡಿರಲಿಲ್ಲ.

ಮನೆಯೊಳಗಿನ ಪರಿಸ್ಥಿತಿಯೂ ಹೆಚ್ಚು ಬೇರೆಯಲ್ಲ. ಅಮ್ಮ ಮೈಸೂರು ಕಡೆಯವರು. ಒಂದು ದಿನ ಬೊರಿವಲಿಯಿಂದ ಸಂಬಂಧ ಕೇಳಲು ಒಬ್ಬರು ಫೋನ್ ಮಾಡಿದ್ದರು. ಫೋನು ಸ್ಪೀಕರಿನಲ್ಲಿತ್ತು, ನಾನು ಪಕ್ಕದಲ್ಲೇ ತಿಂಡಿ ತಿನ್ನುತ್ತಿದ್ದೆ.

"ಹುಡುಗಿ ಡಾಕ್ಟ್ರಂತಲ್ಲ, ಕ್ಲಿನಿಕ್ ಎಲ್ಲಿದೆ?" ಎಂದರು ಅವರು.

"ಕ್ಲಿನಿಕ್ ಇಲ್ಲ" ಎಂದರು ಅಮ್ಮ.

"ಹಾಗಾದ್ರೆ ಆಸ್ಪತ್ರೇಲಾ?"

"ಆಸ್ಪತ್ರೆ ಕಾಂಪೌಂಡಲ್ಲೇ ಇರ್ತಾಳೆ. ಆದ್ರೆ ರೋಗಿಗಳನ್ನ ನೋಡಲ್ಲ."

"ಮತ್ತೇನು ಮಾಡ್ತಾಳೆ?"

ಅಮ್ಮ ನನ್ನ ಕಡೆ ನೋಡಿದರು. ನಾನು ಬಾಯಲ್ಲಿದ್ದದ್ದನ್ನು ನುಂಗಿ ಉತ್ತರ ಸಿದ್ಧಮಾಡಿಕೊಳ್ಳುವಷ್ಟರಲ್ಲಿ ಅಮ್ಮನೇ ಹೇಳಿದರು. "ಅರ್ಜಿ ಹಾಕ್ತಾಳೆ."

ಆ ಕಡೆಯವರು ಮೆಲ್ಲಗೆ ಹೇಳಿದರು: "ಪಾಪ. ಕೆಲಸ ಸಿಕ್ಕಿದ ಮೇಲೆ ತಿಳಿಸಿ."

ಖರೇ ಮಾತು

ಅರ್ಜಿಯ ಜೊತೆ ನಮ್ಮ ಗೈಡ್, ಅಂದರೆ ನಮಗೆ ದಾರಿ ತೋರಿಸುವ ಹಿರಿಯ ಸಂಶೋಧಕರು, ನಮ್ಮ ಗುಣಗಾನ ಮಾಡಿ ಒಂದು ಪತ್ರ ಕೊಡಬೇಕು. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಆ ಪತ್ರವನ್ನು ಬಹಳ ಕಡೆ ವಿದ್ಯಾರ್ಥಿಯೇ ಬರೆದುಕೊಂಡು ಹೋಗುವುದು. ಗೈಡ್ ಸಹಿ ಹಾಕುವುದು. ನಮ್ಮ ಸರ್ ಹುಬ್ಬಳ್ಳಿ ಕಡೆಯವರು. ಮುಂಬೈಗೆ ಬಂದು ಅರ್ಧ ಆಯುಷ್ಯ ಕಳೆದರೂ ಮಾತು ಮಾತ್ರ ಹುಬ್ಬಳ್ಳಿಯದೇ.

"ನೀನ ಬರಕೊಂಡ್ ಬಾ, ನಾ ಸಹಿ ಹೊಡೀತೀನಿ" ಎಂದರು.

ನಮ್ಮ ಮನೆಯಲ್ಲಿ ತನ್ನನ್ನು ತಾನೇ ಹೊಗಳಿಕೊಂಡರೆ ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಅದು ವೈಜ್ಞಾನಿಕವಲ್ಲ ಎಂದು ನನಗೆ ಗೊತ್ತು, ಆದರೂ ಕೈ ಬರಲಿಲ್ಲ. "ಈಕೆ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಕೆಲಸ ತೃಪ್ತಿಕರ. ಯಾರ ಜೊತೆಗೂ ಜಗಳ ಮಾಡಿದ್ದಿಲ್ಲ" ಎಂದು ಬರೆದೆ.

ಸರ್ ಓದಿ ಕನ್ನಡಕ ತೆಗೆದರು. "ಏನವಾ ಇದು? ಬಾಡಿಗಿ ಮನಿ ಬಿಟ್ಟ್ ಹೋಗೋರಿಗೆ ಕೊಡೋ ಸರ್ಟಿಫಿಕೇಟ್ ಆತಲ್ಲ!"

ಮಾರನೆಯ ದಿನ ಕಣ್ಣು ಮುಚ್ಚಿಕೊಂಡು ಹೊಗಳಿ ಬರೆದೆ. ದೇಶದ ಆರೋಗ್ಯವೇ ನನ್ನ ಮೇಲೆ ನಿಂತಿದೆ ಎಂಬ ಅರ್ಥ ಬರುವಂತೆ ಇತ್ತು. ಸರ್ ಅದನ್ನೂ ಓದಿದರು. "ಇಷ್ಟ್ ಶಾಣ್ಯಾಕಿ ಇದ್ದಿದ್ರ ನನ್ನ ಕಡೆ ಯಾಕ ಇರ್ತಿದ್ದಿ?" ಎಂದರು. ಆದರೆ ಸಹಿ ಹಾಕಿದರು. ಕೊನೆಯಲ್ಲಿ 'ಅಭ್ಯರ್ಥಿಯ ಒಂದು ದೌರ್ಬಲ್ಯ' ಎಂಬ ಜಾಗವನ್ನು ನಾನು ಖಾಲಿ ಬಿಟ್ಟಿದ್ದೆ. ಅಲ್ಲಿ ಸರ್ ಸ್ವಂತ ಕೈಯಿಂದ ಬರೆದರು: ಏನು ಕೇಳಿದರೂ ಬೇಕಾದ್ದಕ್ಕಿಂತ ಹೆಚ್ಚು ವಿವರಿಸುತ್ತಾಳೆ.

ಅದು ಯಾಕೆ ಸರಿಯಲ್ಲ, ಎಂಥ ಸಂದರ್ಭದಲ್ಲಿ ನಾನು ವಿವರಿಸುತ್ತೇನೆ, ಎಂಥ ಸಂದರ್ಭದಲ್ಲಿ ವಿವರಿಸುವುದಿಲ್ಲ, ಎರಡಕ್ಕೂ ಉದಾಹರಣೆ ಏನು ಎಂದು ನಾನು ಸರ್‌ಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು.

"ಇರ್ಲಿ ಬಿಡವಾ. ಇಡೀ ಪತ್ರದಾಗ ಒಂದಾದ್ರೂ ಖರೇ ಮಾತು ಇರಬೇಕು."

ಬನ್ಸ್ ಎಂತ ಊಟವಾ

ಗ್ರಾಂಟ್ ಕೇಳುವ ಮೊದಲು ಸ್ವಲ್ಪ ಕೆಲಸ ಮಾಡಿ ತೋರಿಸಬೇಕು. ದೊಡ್ಡ ಅಡುಗೆಗೆ ಮುಂಚೆ ಒಂದು ಚಮಚ ರುಚಿ ನೋಡಿದ ಹಾಗೆ. ಅದಕ್ಕಾಗಿ ಮಾಟುಂಗಾದ ಒಂದು ಹೋಟೆಲಿಗೆ ಹೋದೆ. ಅದರ ಧಣಿ ಉಡುಪಿ ಕಡೆಯವರು, ಬಹಳ ಒಳ್ಳೆಯವರು. ಈ ಒಳ್ಳೆಯತನವೇ ಮುಂದೆ ತೊಂದರೆಗೆ ಕಾರಣವಾದದ್ದು.

ಅಡುಗೆಯ ಭಟ್ಟರು, ಬಡಿಸುವವರು ಎಲ್ಲರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದು ಹೇಳಿದ್ದೆ. ಕೊಟ್ಟರು. ಲ್ಯಾಬಿನಲ್ಲಿ ನೋಡಿದರೆ ಒಬ್ಬರನ್ನೂ ಬಿಡದೆ ಎಲ್ಲರ ಸಕ್ಕರೆಯೂ ಏರಿತ್ತು. ಸರ್ ಕುರ್ಚಿಯಿಂದ ಎದ್ದೇಬಿಟ್ಟರು. "ಭಾರಿ ಆತು! ಈ ಸರ್ತಿ ಗ್ರಾಂಟ್ ನಮ್ಮದ!"

ಫಲಿತಾಂಶ ತಿಳಿಸಲು ಹೋಟೆಲಿಗೆ ಹೋದೆ. ಧಣಿಗಳು ಮೊದಲು ಕಾಫಿ ಕುಡಿಸಿದರು. ಕುಡಿಯುತ್ತ, ಖಾಲಿ ಹೊಟ್ಟೆಯಲ್ಲೇ ಇಷ್ಟು ಸಕ್ಕರೆ ಇರುವುದು ಆಶ್ಚರ್ಯ ಎಂದೆ.

"ಖಾಲಿ ಹೊಟ್ಟೆ ಎಂತದ್ದು ಡಾಕ್ಟ್ರೇ? ನೀವು ಬರುವ ಮೊದಲೇ ಎಲ್ಲರಿಗೂ ಎರಡೆರಡು ಬನ್ಸ್, ಒಂದೊಂದು ಕಾಫಿ ಕೊಟ್ಟಿದ್ದೆನಲ್ಲ" ಎಂದರು ಧಣಿಗಳು.

ಮಂಗಳೂರು ಬನ್ಸ್ ಎಂದರೆ ಬಾಳೆಹಣ್ಣು, ಮೈದಾ, ಸಕ್ಕರೆ ಕಲಸಿ ಎಣ್ಣೆಯಲ್ಲಿ ಕರಿದದ್ದು. ನನ್ನ ಸಂಶೋಧನೆಗೆ ಅದಕ್ಕಿಂತ ಕೆಟ್ಟದ್ದನ್ನು ಹುಡುಕಿದರೂ ಸಿಗುವುದಿಲ್ಲ.

"ಏನೂ ತಿನ್ನಬಾರದು ಎಂದಿದ್ದೆನಲ್ಲ ಧಣಿಗಳೇ?"

"ಹೌದು, ನಾನೂ ಅವರಿಗೆ ಹಾಗೇ ಹೇಳಿದ್ದು, ಯಾರೂ ಊಟ ಮಾಡಬೇಡಿ ಅಂತ. ಬನ್ಸ್ ಎಂತ ಊಟವಾ ಮಾರಾಯ್ರೆ? ಹೋಟೆಲ್ ಇಟ್ಟುಕೊಂಡು ಹಸಿದವರಿಂದ ರಕ್ತ ಕೊಡಿಸಿದ ಎಂಬ ಹೆಸರು ಬೇಡ ನನಗೆ."

ಎಲ್ಲ ಮತ್ತೆ ಮೊದಲಿಂದ. ಎರಡನೆಯ ಸಲ ಧಣಿಗಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಯಾರಿಗೂ ಒಂದು ಚೂರೂ ಸಿಗದ ಹಾಗೆ ಕಾವಲು ಕಾದರು. ಆದರೆ ನನಗೆ ನಿಯಮ ಅನ್ವಯಿಸುವುದಿಲ್ಲ ಎಂದು ಅವರೇ ತೀರ್ಮಾನಿಸಿ, ಎಲ್ಲರ ಪಾಲಿನ ಬನ್ಸನ್ನೂ ನನ್ನ ತಟ್ಟೆಗೆ ಹಾಕಿಸಿದರು. ಬೇಡ ಎನ್ನಲು ಕಾರಣ ವಿವರಿಸುತ್ತಿದ್ದೆ, ಅಷ್ಟರಲ್ಲಿ ಇನ್ನೊಂದು ಬೀಳುತ್ತಿತ್ತು. ಸಕ್ಕರೆ ಅಳೆಯಲು ತಂದಿದ್ದ ಯಂತ್ರ ಸರಿಯಿದೆಯೇ ಎಂದು ನೋಡಲು ಕೊನೆಯಲ್ಲಿ ನನ್ನ ಬೆರಳನ್ನೇ ಚುಚ್ಚಿಕೊಂಡೆ.

ಅವತ್ತು ಇಡೀ ಹೋಟೆಲಿನಲ್ಲಿ ಅತಿ ಹೆಚ್ಚು ಸಕ್ಕರೆ ಇದ್ದದ್ದು ಡಾಕ್ಟರಿಗೆ.

ಯಾವ ಬಣ್ಣ

ಇದು ಚಿಕ್ಕದು. ಮುಂದಿನ ಐದು ವರ್ಷದಲ್ಲಿ ನಾನು ಯಾವಾಗ ಏನು ಮಾಡುತ್ತೇನೆ ಎಂಬುದನ್ನು ಬಣ್ಣದ ಪಟ್ಟಿಗಳಲ್ಲಿ ತೋರಿಸಬೇಕಿತ್ತು. ತರಬೇತಿಗೆ ನೀಲಿ, ಹೋಟೆಲ್ ಭೇಟಿಗೆ ಹಸಿರು, ಲೇಖನಗಳಿಗೆ ಹಳದಿ. ಅದನ್ನು ಮುದ್ರಿಸಿ, ತಪ್ಪು ಕಣ್ಣಿಗೆ ಬೀಳಲಿ ಎಂದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಅಮ್ಮ ಹಾಲು ತೆಗೆಯಲು ಬಂದವರು ಬಾಗಿಲು ತೆಗೆಯದೆ ಬಹಳ ಹೊತ್ತು ನಿಂತು ನೋಡಿದರು. ನನಗೆ ಸಂತೋಷವಾಯಿತು. ಕೊನೆಗೂ ಅಮ್ಮನಿಗೆ ನನ್ನ ಕೆಲಸ ಅರ್ಥವಾಗುತ್ತಿದೆ ಎಂದುಕೊಂಡೆ.

"ಚೆನ್ನಾಗಿದೆ ಕಣೇ. ಇದರಲ್ಲಿ ಮದುವೆ ಯಾವ ಬಣ್ಣ?"

ಪವಾಯಿಗೆ ಹೋದ ಡಬ್ಬಿ

ಎರಡನೆಯ ಸಲದ ಲೆಕ್ಕವನ್ನೇ ಸೇರಿಸಿ ಅರ್ಜಿ ಕಳಿಸಿದೆ, ಸಂದರ್ಶನದ ಕರೆ ಬಂತು. ಪವಾಯಿಯ ಒಂದು ಗೆಸ್ಟ್ ಹೌಸಿನಲ್ಲಿ, ಮಧ್ಯಾಹ್ನಕ್ಕೆ. ಅವತ್ತು ಅಮ್ಮ ಬೆಳಿಗ್ಗೆ ಎದ್ದು ಚಿತ್ರಾನ್ನ ಮಾಡಿ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿದರು.

"ಇಷ್ಟೆಲ್ಲ ಯಾರಿಗಮ್ಮಾ?"

"ಪ್ರಶ್ನೆ ಕೇಳೋರೂ ಮನುಷ್ಯರೇ ಕಣೇ."

ತೀರ್ಪು ಕೊಡುವವರಿಗೆ ತಿನ್ನಲು ಕೊಟ್ಟರೆ ಅದು ಲಂಚವಾಗುತ್ತದೆ ಎಂದು ವಿವರಿಸಿದೆ.

"ಚಿತ್ರಾನ್ನ ಲಂಚ ಆಗೋ ಹಾಗಿದ್ರೆ ನಿಮ್ಮಪ್ಪ ಆಫೀಸಲ್ಲಿ ಹಂಚಿದ್ದಕ್ಕೆ ಇಷ್ಟೊತ್ತಿಗೆ ದೊಡ್ಡ ಸಾಹೇಬ್ರಾಗಿರ್ತಿದ್ರು. ಹೋಗಲಿ, ನೀನೇ ತಿನ್ನು" ಎಂದು ಡಬ್ಬಿಯನ್ನು ನನ್ನ ಬ್ಯಾಗಿಗೆ ತುರುಕಿದರು.

ಗೆಸ್ಟ್ ಹೌಸಿನಲ್ಲಿ ಕಾಯುತ್ತ ಕುಳಿತೆ. ಸಮಿತಿಯವರಿಗೆ ಊಟ ತರುತ್ತಿದ್ದ ವ್ಯಾನು ಲಿಂಕ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ ಎಂದು ಅಲ್ಲಿಯ ಕ್ಲಾರ್ಕ್ ಹೇಳಿದರು. ಅದು ಬರುವವರೆಗೆ ಇನ್ನೊಬ್ಬರನ್ನು ಮುಗಿಸೋಣ, ಇನ್ನೊಬ್ಬರನ್ನು ಮುಗಿಸೋಣ ಎಂದು ಸಮಿತಿಯವರು ಹಸಿದುಕೊಂಡೇ ಮುಂದುವರಿಸಿದ್ದರು. ನನಗಿಂತ ಮೊದಲು ಒಳಗೆ ಹೋಗಿದ್ದವನು ಹೊರಗೆ ಬಂದು "ಮೂಡ್ ಬಹುತ್ ಖರಾಬ್ ಹೈ" ಎಂದು ಒಳಗಿನವರ ಸಿಟ್ಟಿನ ಸುದ್ದಿಯಷ್ಟೇ ಹೇಳಿ ನೀರು ಕುಡಿದ. ನನ್ನನ್ನು ಕರೆದಾಗ ಮೂರು ಗಂಟೆ ದಾಟಿತ್ತು.

ಒಳಗೆ ಮೂವರು. ನಡುವೆ ಅಧ್ಯಕ್ಷೆ, ವಯಸ್ಸಾದ ದೊಡ್ಡ ವೈದ್ಯೆ. ನಾನು ಕೂರುವ ಮೊದಲೇ ಅವರು ಸಿಡುಕಿದರು. "ಹೊತ್ತು ತಪ್ಪಿ ಉಣ್ಣುವುದರಲ್ಲಿ ಸಂಶೋಧನೆ ಮಾಡುವಂಥದ್ದೇನಿದೆ? ನಾವೆಲ್ಲ ಉಣ್ಣುವುದಿಲ್ಲವೇ?"

ನಾನು ಪರದೆಯ ಮೇಲೆ ಮೊದಲ ಚಿತ್ರ ತೋರಿಸಿ ಓದಿದೆ. ಸಕ್ಕರೆ ಕಾಯಿಲೆಯ ಮಾತ್ರೆ ತಿನ್ನುವವರಿಗೆ ಊಟ ತಡವಾದರೆ ಬೆವರು, ಕೈ ನಡುಕ, ಸಿಡುಕು. ಪಕ್ಕದಲ್ಲಿದ್ದ ಸದಸ್ಯರು ಪರದೆಯನ್ನು ನೋಡಿ ಆಮೇಲೆ ಅಧ್ಯಕ್ಷೆಯನ್ನು ನೋಡಿದರು. ನಾನೂ ನೋಡಿದೆ. ಎಸಿ ಕೊರೆಯುತ್ತಿದ್ದರೂ ಅವರ ಹಣೆ ಒದ್ದೆಯಾಗಿತ್ತು. ಕೈಯಲ್ಲಿದ್ದ ಪೆನ್ನು ಅದುರುತ್ತಿತ್ತು.

"ಮೇಡಂ, ನೀವು ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತೀರಾ?" ಎಂದು ಕೇಳಿದೆ.

"ಪ್ರಶ್ನೆ ಕೇಳುವವರು ನಾವು!"

ಸಿಡುಕೂ ಇತ್ತು. ಜೀವನದಲ್ಲಿ ಮೊದಲ ಸಲ ನಾನು ಏನನ್ನೂ ವಿವರಿಸಲಿಲ್ಲ. ಚಹಾದ ತಟ್ಟೆಯಲ್ಲಿದ್ದ ಸಕ್ಕರೆ ಪೊಟ್ಟಣಗಳನ್ನು ಒಡೆದು ನೀರಿಗೆ ಹಾಕಿ ಅವರ ಕೈಗೆ ಕೊಟ್ಟೆ. ಕುಡಿದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಮುಚ್ಚಳ ತೆಗೆದಾಗ ಒಗ್ಗರಣೆಯ ವಾಸನೆ ಕೋಣೆಯೆಲ್ಲ ತುಂಬಿತು. ಉಳಿದಿಬ್ಬರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಆದರೂ ತಿಂದರು.

ತಿಂದಾದ ಮೇಲೆ ಅಧ್ಯಕ್ಷೆ ಬೇರೆಯೇ ಮನುಷ್ಯರಾಗಿದ್ದರು. ಕಷ್ಟದ ಪ್ರಶ್ನೆಗಳನ್ನೇ ಕೇಳಿದರು, ಆದರೆ ನಗುತ್ತ ಕೇಳಿದರು. ಕೊನೆಗೆ ಸರ್ ಸಹಿ ಹಾಕಿದ ಪತ್ರ ಎತ್ತಿಕೊಂಡರು. "ನೀವು ವಿಪರೀತ ವಿವರಿಸುತ್ತೀರಿ ಎಂದು ನಿಮ್ಮ ಗೈಡ್ ಬರೆದಿದ್ದಾರೆ. ನಿಜವೇ?"

"ಇಲ್ಲ ಮೇಡಂ" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಯಾಕೆಂದರೆ, ಇದನ್ನು ಎರಡು ರೀತಿಯಲ್ಲಿ ನೋಡಬಹುದು" ಎಂದು ಶುರು ಮಾಡಿದೆ. ಎರಡನೆಯ ರೀತಿಗೆ ಬರುವ ಮೊದಲೇ ಸಮಯ ಮುಗಿಯಿತು. ಮೂವರೂ ನಗುತ್ತಿದ್ದರು. ಆ ಗಡಿಬಿಡಿಯಲ್ಲಿ ಡಬ್ಬಿ ಅಲ್ಲೇ ಉಳಿಯಿತು.

ಕೆಲವು ದಿನಗಳಾದ ಮೇಲೆ ಗೆಸ್ಟ್ ಹೌಸಿನವರು ಅದನ್ನು ತೊಳೆದು ಸರ್ ಆಫೀಸಿಗೆ ಕಳಿಸಿಕೊಟ್ಟರು. ಮನೆಗೆ ತಂದೆ. ಅಮ್ಮ ಮುಚ್ಚಳ ತೆಗೆದು ಒಳಗೆ ನೋಡಿದರು, ತಲೆಕೆಳಗು ಮಾಡಿ ನೋಡಿದರು. ನಮ್ಮಲ್ಲಿ ಯಾರದೇ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತೇವೆ.

"ಖಾಲಿ" ಎಂದರು ಅಮ್ಮ. "ಡಬ್ಬೀನೇ ಖಾಲಿ ಕಳಿಸೋ ಜನ ನಿನಗೆ ಐದು ವರ್ಷ ಸಂಬಳ ಕೊಡ್ತಾರೇನೇ? ಆ ಅಂಧೇರಿಯವರಿಗೆ ಬರ್ತೀನಿ ಅಂತ ಹೇಳಿಬಿಡು."

ಪಾತ್ರೆಗೂ ಫಲಿತಾಂಶಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದೆ. ಆದರೆ ಒಳಗೊಳಗೇ ನಾನೂ ಹೆದರಿದ್ದೆ. ಅಂಧೇರಿಯವರಿಗೆ ಬರೆಯಬೇಕಾದ ಒಪ್ಪಿಗೆಯ ಮೇಲ್ ಅರ್ಧ ಬರೆದೂ ಇಟ್ಟಿದ್ದೆ.

ಅದನ್ನು ಕಳಿಸುವ ಮೊದಲೇ ಫಲಿತಾಂಶ ಬಂತು. ಗ್ರಾಂಟ್ ಮಂಜೂರಾಗಿತ್ತು. ಚಿತ್ರಾನ್ನ ತಿಂದ ಕಾರಣಕ್ಕೆ ತಾನು ಅಂಕ ಕೊಡುವುದು ಸರಿಯಲ್ಲ ಎಂದು ಅಧ್ಯಕ್ಷೆ ಅದನ್ನು ಉಳಿದಿಬ್ಬರಿಗೆ ಬಿಟ್ಟರಂತೆ. ಉಳಿದಿಬ್ಬರೂ ತಿಂದಿದ್ದ ವಿಷಯವನ್ನು ಯಾರೂ ಎತ್ತಲಿಲ್ಲವಂತೆ. ಅಡುಗೆಮನೆಗೆ ಓಡಿ ಅಮ್ಮನಿಗೆ ಹೇಳಿದೆ. ಐದು ವರ್ಷ, ಸಂಬಳ, ಹೋಟೆಲ್ ಕೆಲಸ, ಇನ್ನು ಅಂಧೇರಿ ಇಲ್ಲ, ಎಲ್ಲವನ್ನೂ ಕಾರಣಸಹಿತ ಹೇಳಿದೆ. ಅಮ್ಮ ಸ್ಟವ್ ಆರಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ದೇವರ ಮುಂದೆ ದೀಪ ಹಚ್ಚಿ ಬಂದರು. ಬಂದು ಕಪಾಟಿನ ಮೇಲಿದ್ದ ಆ ಡಬ್ಬಿಯನ್ನು ಇನ್ನೊಮ್ಮೆ ನೋಡಿದರು.

"ಐದು ವರ್ಷಕ್ಕೆ ಕೊಡೋ ಕೈಗೆ, ಒಂದು ಚಮಚ ಸಕ್ಕರೆ ಹಾಕಿ ಕಳಿಸೋಕೆ ಏನಾಗಿತ್ತೇ?"