ಅಪ್ಪನ ಪಾತ್ರಕ್ಕೆ ಅಪ್ಪ ಬೇಡ

ನಮ್ಮ ಮಗಳು ವೈಜೂ ನಾಲ್ಕನೇ ಇಯತ್ತೆ ಪಾಸಾದಳು. ಅದಕ್ಕಾಗಿ ಯಾರ ಯಾರ ಬೆನ್ನು ತಟ್ಟಿದರು ಅಂತ ಬ್ರಹ್ಮಪುರದಲ್ಲಿ ಯಾರನ್ನಾದರೂ ಕೇಳಿ ನೋಡಿ. ಪಕ್ಕದ ಮನೆಯ ಟೇಲರ್ ಸಲಾವುದ್ದೀನ್ ಸಾಹೇಬರ ಬೆನ್ನು ತಟ್ಟಿದರು. ನನ್ನ ಹೆಂಡತಿ ಅನಸೂಯಾಳನ್ನು ಹೊಗಳಿದರು. ಕಮಲಾಪುರದಲ್ಲಿ ಬಾಳೆತೋಟ ಇಟ್ಟುಕೊಂಡು ಆರಾಮಾಗಿರುವ ಅವಳ ತಮ್ಮ ಗುಂಡಣ್ಣನಿಗೂ ಒಂದು ಪಾಲು ಮುಟ್ಟಿತು. ಇಡೀ ಯೋಜನೆಯ ಜನಕ, ಪ್ರವರ್ತಕ, ಸೂತ್ರಧಾರನಾದ ಈ ಮುಕುಂದನಿಗೆ (ಅಂದರೆ ನನಗೆ) ಏನು ಸಿಕ್ಕಿತು? ಮನೆಯಲ್ಲಿ ಕೇಳುವವರಿಲ್ಲ, ನೀವಾದರೂ ಕೇಳಿರಿ.

ತೊಂಬತ್ತೆರಡನೇ ಇಸವಿಯ ದೀಪಾವಳಿಗೆ ವೈಜೂಗೆ ಟೈಫಾಯಿಡ್ ಬಂತು. ಹೋಯಿತು. ಮರೆತ ಕೊಡೆ ಒಯ್ಯಲು ಬರುವ ನೆಂಟರ ಹಾಗೆ ಮತ್ತೆ ಬಂತು. ಯುಗಾದಿವರೆಗೆ ಸಾಲಿ ಬಂದ್ ಅಂದರು ಡಾಕ್ಟರು. ಸಾಲಿಯ ಹೆಡ್‌ಬಾಯಾರು (ಮುಖ್ಯೋಪಾಧ್ಯಾಯಿನಿ) ಮಾತ್ರ ನ್ಯಾಯವಾಗಿ ಹೇಳಿದರು.

"ಮನ್ಯಾಗ ಓದಸ್ರಿ. ಮಾರ್ಚ್ ತಿಂಗಳದಾಗ ನಾನ ಬಂದು ಪರೀಕ್ಷಾ ತಗೋತೀನಿ. ಉತ್ತರ ಬಂದ್ರ ಐದನೇತ್ತಕ್ಕ, ಇಲ್ಲಂದ್ರ ಇನ್ನೊಂದ್ ವರ್ಷ ಅಲ್ಲೇ ಕೂಡಬೇಕು."

ಹುಡುಗಿಯ ಒಂದು ವರ್ಷದ ಪ್ರಶ್ನೆ! ಆಫೀಸಿನಿಂದ ಬಂದವನೇ ಅಂಗಿ ಸಹ ಬಿಚ್ಚದೆ ನಾನು ಪಾಠಕ್ಕೆ ಕೂಡುತ್ತಿದ್ದೆ. ಪುಸ್ತಕ ತೆಗೆದರೆ ಸಾಕು, ವೈಜೂಗೆ ಜ್ವರ ಬಂದಂತಾಗುತ್ತಿತ್ತು. ಥರ್ಮಾಮೀಟರ್ ಮಾತ್ರ ಒಪ್ಪುತ್ತಿರಲಿಲ್ಲ. ಆದರೆ ಟೇಲರ್ ಸಾಹೇಬರ ಮಗಳು ಜಾಹೇದಾ ಬಂದಳೋ, ಇಬ್ಬರೂ ಟವೆಲ್ ಸುತ್ತಿಕೊಂಡು ಮಂಚ ಹತ್ತಿ ನಾಟಕ ಶುರು. ಒಬ್ಬಳು ಅತ್ತೆ, ಒಬ್ಬಳು ಸೊಸೆ. ಆಗ ಜ್ವರವೂ ಇಲ್ಲ, ನಿತ್ರಾಣವೂ ಇಲ್ಲ.

ಅದನ್ನು ನೋಡಿಯೇ ನನಗೆ ಜ್ಞಾನೋದಯವಾದದ್ದು.

"ಅನಸೂಯಾ, ಮಕ್ಕಳಿಗೆ ಯಾವುದರ ಹುಚ್ಚು ಅದ, ಅದರಾಗ ಪಾಠ ಸೇರಿಸಿ ಕಲಸ್ಬೇಕು. ಈಕಿಗಿ ನಾಟಕ ತೋರಿಸಿ ಇತಿಹಾಸ ಕಲಸ್ತೀನಿ!"

"ನಿಮಗ ನಿದ್ದಿ ಹುಚ್ಚು ಅದ. ದಿಂಬಿಗೆ ಮನಿ ಕೆಲಸದ ಯಾದಿ ಅಂಟಸ್ಲೇನು?" ಅಂದಳು.

ಮಹತ್ಕಾರ್ಯಗಳಿಗೆ ಮೊದಲ ವಿಘ್ನ ಅಡುಗೆಮನೆಯಿಂದಲೇ ಬರುತ್ತದೆ ಅಂದುಕೊಂಡು ನೋಟ್‌ಬುಕ್ ಹುಡುಕಲು ಎದ್ದೆ.

ಆಗ ಕಮಲಾಪುರದಲ್ಲಿ ಒಂದು ನಾಟಕ ಕಂಪನಿ ಟೆಂಟ್ ಹಾಕಿತ್ತು. ಗುಂಡಣ್ಣ ಹ್ಯಾಂಡ್‌ಬಿಲ್ ಕಳಿಸಿದ. ಐತಿಹಾಸಿಕ ನಾಟಕ, ರವಿವಾರ ಮಧ್ಯಾಹ್ನ ಮೂರಕ್ಕೆ ವಿಶೇಷ ಪ್ರಯೋಗ, ರಂಗದ ಮೇಲೆ ನಿಜವಾದ ಕುದುರೆ! ನಾನು ನೋಟ್‌ಬುಕ್ಕಿನಲ್ಲಿ ನಲವತ್ತು ಪ್ರಶ್ನೆ ಬರೆದುಕೊಂಡು ಮಗಳೊಂದಿಗೆ ಬಸ್ ಹತ್ತಿದೆ. ಸ್ಟ್ಯಾಂಡಿನಲ್ಲಿ ಗುಂಡಣ್ಣ ಕೆಂಪು ಬಾಳೆಹಣ್ಣಿನ ಚಿಪ್ಪು ಹಿಡಿದು ನಿಂತಿದ್ದ.

ಟೆಂಟಿನಲ್ಲಿ ಕೂತ ಮೇಲೆ ಮೈಕಿನಲ್ಲಿ ಕೂಗಿದರು. ರಾಜನ ಪಾರ್ಟಿನವರಿಗೆ ಗಂಟಲು ಕಟ್ಟಿದೆ. ಇಂದು ಅದರ ಬದಲು 'ಮಾವ ಮನಿಯೊಳಗ, ಅಳಿಯ ಅಟ್ಟದ ಮ್ಯಾಲೆ' ಎಂಬ ನಗೆನಾಟಕ.

ನಾನು ಎದ್ದು ನಿಂತೆ. "ಇತಿಹಾಸ ಅಂತ ಕರೆಸಿ ಅಟ್ಟ ತೋರಸ್ತೀರೇನ್ರಿ?"

"ಕೂಡ್ರಿ ಯಜಮಾನ್ರ, ನಿಮ್ಮ ತಲಿ ಅಡ್ಡ ಬರಾಕತ್ತದ!" ಅಂದರು ಹಿಂದಿನವರು.

ಮೂರು ತಾಸು ಆ ಅಳಿಯ ಅಟ್ಟದಿಂದ ಇಳಿಯಲಿಲ್ಲ. ವೈಜೂ ನಕ್ಕು ನಕ್ಕು ಸೋದರಮಾವನ ತೊಡೆಯ ಮೇಲೆ ಉರುಳಾಡಿದಳು. ಮುಗಿದ ಮೇಲೆ ಗುಂಡಣ್ಣ ಅವಳನ್ನು ಪರದೆಯ ಹಿಂದೆ ಕರೆದೊಯ್ದ (ಮ್ಯಾನೇಜರರು ಅವನ ಬಾಳೆಹಣ್ಣಿನ ಭಕ್ತರು). ತಿರುಗಿ ಬಂದವಳು ನನ್ನನ್ನೇ ಪರೀಕ್ಷೆಗೆ ಕೂಡಿಸಿದಳು.

"ಅಪ್ಪಾ, ಪರದಿ ಮ್ಯಾಲೆ ಹೋಗೂದು ಹ್ಯಾಂಗ? ಅದು ಎಷ್ಟು ಗಜ? ಮಾತು ಯಾರು ಬರೀತಾರ? ಕಂಪನಿ ಇಲ್ಲಿಂದ ಹುಮನಾಬಾದಕ್ಕ ಹೋಗ್ತದಂತ, ಅಲ್ಲಿಂದ ಬೀದರ. ಎಷ್ಟು ಕಿಲೋಮೀಟರ್ ಆತು?"

"ಅದೆಲ್ಲಾ ಸಿಲೆಬಸ್‌ದಾಗಿಲ್ಲ. ಮೊದಲನೇ ಪ್ರಶ್ನೆ. ರಾಜನ ವಂಶ ಯಾವುದು?"

"ಯಾವ ರಾಜಾ? ಅವನ ಗಂಟಲ ಕಟ್ಟೇದಲ್ಲ!"

ಮರುದಿನದಿಂದ ನಮ್ಮ ಮನೆಯೇ ಕಂಪನಿಯಾಯಿತು. ವೈಜೂ ತಾನೇ ನಾಟಕ ಬರೆಯತೊಡಗಿದಳು. ತಪ್ಪು ತಿದ್ದುವುದು ಅನಸೂಯಾ. ಕಂಪನಿಯ ಮ್ಯಾನೇಜರರಿಗೆ ವೈಜೂನೇ ಪತ್ರ ಬರೆದು, ಪರದೆಗೆ ಹಗ್ಗದ ಗಾಲಿ ಎಲ್ಲಿ ಕಟ್ಟಬೇಕು ಅಂತ ಕೇಳಿದಳು. ಅವರು ಚಿತ್ರ ಬರೆದು ಉತ್ತರ ಕಳಿಸಿದರು! (ನಾನು ಬರೆದ ಯಾವ ಪತ್ರಕ್ಕೂ ಈವರೆಗೆ ಉತ್ತರ ಬಂದಿಲ್ಲ.)

ಒಂದು ಸಂಜೆ ಬಂದು ನೋಡುತ್ತೇನೆ, ಅನಸೂಯಾಳ ಮದುವೆಯ ಒಂಬತ್ತು ಗಜದ ಸೀರೆ ನಾಲ್ಕು ತುಂಡಾಗಿ ಬಿದ್ದಿದೆ.

"ಇದು ನಮ್ಮ ಮದವಿ ಸೀರಿ!" ಎಂದು ಚೀರಿದೆ.

"ನಿಮ್ಮ ಕಡಿಂದ ಬಂದದ್ದು. ಒಮ್ಮಿ ಒಗದಾಗನ ಬಣ್ಣ ಬಿಟ್ಟದ. ಪರದಿಯಾಗರೆ ಉಳೀಲಿ," ಅಂದಳು.

ಸಲಾವುದ್ದೀನ್ ಸಾಹೇಬರು ನಮ್ಮ ಪಡಸಾಲೆಗೇ ತಂದಿಟ್ಟಿದ್ದ ಹೊಲಿಗೆ ಮಿಷನ್ ನಿಲ್ಲಿಸಿ ಹೇಳಿದರು. "ಸಾಬ್, ಬೇಟಿ ದಿಮಾಗ್ ಭಾಳ ತೇಜ್ ಅದ. ಒಂಬತ್ತು ಗಜ, ನಾಲ್ಕು ತುಕಡಾ. ಒಂದೊಂದು ಎರಡೂ ಕಾಲು ಗಜ ಅಂತ ನಾ ಟೇಪ್ ಹಿಡಿಯೋದರಾಗ ಹೇಳಿಬಿಟ್ಟಳು."

"ಭಿನ್ನರಾಶಿ ಬರೂದು ನಲವತ್ತಾರನೇ ಪುಟದಾಗ್ರಿ! ನಾವಿನ್ನೂ ಮೂವತ್ತರಾಗ ಇದ್ದೀವಿ!"

ನನ್ನ ಈ ಶಾಸ್ತ್ರೀಯ ಆಕ್ಷೇಪಣೆಗೆ ಜಾಹೇದಾ ಕಿಸಕ್ಕೆಂದು ನಕ್ಕಳು.

ಮಾರ್ಚ್ ಬಂತು. ಹೆಡ್‌ಬಾಯಾರು ಬಂದರು. ನಾನು ಬಾಯಿಪಾಠ ಮಾಡಿಸಿದ ರಾಜರ ಹೆಸರನ್ನೇ ಅವರು ಕೇಳಿದರು. ವೈಜೂ ಕಾಲಬೆರಳು ನೋಡುತ್ತ ನಿಂತಳು. ಇನ್ನೊಂದು ಕೇಳಿದರು. ಕಣ್ಣಲ್ಲಿ ನೀರು. ಇಡೀ ಒಂದು ವರ್ಷ! ಪಾಪ, ಗೆಳತಿಯರೆಲ್ಲ ಮುಂದೆ ಹೋಗುತ್ತಾರೆ.

"ಮತ್ತ ನಾಲ್ಕು ತಿಂಗಳು ಏನ್ ಮಾಡಿದಿ ಮಗಳ?" ಅಂದರು ಬಾಯಾರು, ಮೆಲ್ಲಗೆ.

"ನಾಟಕ ರೀ."

"ತೋರಸು."

ಅನಸೂಯಾ ಓಡಿಹೋಗಿ ಜಾಹೇದಾಳನ್ನು ಕರೆತಂದಳು. ಪರದೆ ಮೇಲೆದ್ದಿತು. ಇದ್ದಲಿ ಮೀಸೆಯ ಜಾಹೇದಾ ಕುರ್ಚಿಯಲ್ಲಿ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಾಳೆ. ಬೆಚ್ಚಿಬಿದ್ದು ಎದ್ದು, "ಎಲ್ಲಿದ್ವಿ? ಹಾಂ, ಮೂವತ್ತನೇ ಪುಟ!" ಎಂದು ಮತ್ತೆ ಗೊರಕೆ. ಬಾಯಾರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ಆ ಪಾತ್ರ ಯಾರದೆಂದು ಹೊಳೆಯುವಷ್ಟರಲ್ಲಿ ಮೂರನೇ ದೃಶ್ಯ ಮುಗಿದಿತ್ತು.

ಆಮೇಲೆ ಅವರು ಪರದೆ ಮುಟ್ಟಿ ಗಜದ ಲೆಕ್ಕ ಕೇಳಿದರು, ಕಂಪನಿಯ ಊರುಗಳ ದೂರ ಕೇಳಿದರು, ಪತ್ರ ಓದಿಸಿದರು. ಹುಡುಗಿ ಯಾವುದನ್ನು ಯಾರಿಂದ ಕಲಿತೆ ಅನ್ನುವುದನ್ನೂ ಸೇರಿಸಿ ಪಟಪಟನೆ ಹೇಳಿದಳು. "ಪಾಸ್!" ಅಂದರು. ಸಾಹೇಬರಿಗೆ, ಅನಸೂಯಾಗೆ, ಗುಂಡಣ್ಣನಿಗೆ ಹೆಸರು ಹಿಡಿದು ಶಾಬಾಸ್ ಹೇಳಿದರು.

ನಾನು ಕೆಮ್ಮಿದೆ. "ಐಡಿಯಾ ನಂದರೀ."

"ಹೌದೇನ್ರಿ? ಕೆಮ್ಮಿಗೆ ಔಷಧ ತಗೋರಿ," ಅಂದು, ನಾಟಕವನ್ನು ಸಾಲಿಯ ಗ್ಯಾದರಿಂಗ್‌ಗೆ (ಅಂದರೆ ವಾರ್ಷಿಕೋತ್ಸವಕ್ಕೆ) ತರಲು ಹೇಳಿ ಹೋದರು.

ಅಷ್ಟರಲ್ಲಿ ಜಾಹೇದಾ ಚಿಕ್ಕಮ್ಮನ ಮದುವೆಗೆ ಹೈದರಾಬಾದಿಗೆ ಹೊರಟಳು. ನಾನು ದೊಡ್ಡ ಮನಸ್ಸು ಮಾಡಿ ಅಪ್ಪನ ಪಾರ್ಟು ನಾನೇ ಮಾಡುತ್ತೇನೆ ಅಂದೆ. ಹದಿನೈದು ವರ್ಷದಿಂದ ಗೊರಕೆ ಹೊಡೆಯುತ್ತಿರುವವನು, ತಾಲೀಮು ಬೇರೆ ಬೇಕೆ? ಎರಡೇ ದಿನದಲ್ಲಿ ವೈಜೂ ನೋಟ್‌ಬುಕ್ ಮುಚ್ಚಿದಳು.

"ಅಪ್ಪಾ, ನೀ ಅಪ್ಪನ ಹಂಗ ಕಾಣಸೂದಿಲ್ಲ. ಗೊರಕಿನೂ ಸುಳ್ಳ ಅನಸ್ತದ."

ನನ್ನದೇ ಪಾತ್ರದಿಂದ ನನ್ನ ಉಚ್ಚಾಟನೆ! ಟೇಲರ್ ಸಾಹೇಬರು ಮಗಳನ್ನು ಮದುವೆಯ ಮರುದಿನವೇ ಕರೆಸಿಕೊಂಡರು. ನನ್ನ ಕೈಗೆ ಪರದೆಯ ಹಗ್ಗ ಬಂತು.

ಗ್ಯಾದರಿಂಗ್ ದಿನ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪರದೆ ಇಳಿಸಿ, ಹಗ್ಗವನ್ನು ಮುಂಗೈಗೆ ಭದ್ರವಾಗಿ ಸುತ್ತಿಕೊಂಡು ಹಿಂದೆ ನಿಂತೆ. ಮುಂದೆ ಅತಿಥಿಗಳು ಮೈಕಿನಲ್ಲಿ ವೈಜೂಳನ್ನು ಕೇಳುತ್ತಿದ್ದರು.

"ಇಂಥಾ ಅಪ್ಪ ಎಲ್ಲಿ ಸಿಕ್ಕನವ್ವಾ ನಿನಗ? ಖರೇ ಇದ್ದಾನೇನು?"

"ಹೌದ್ರಿ. ಪರದಿ ಹಿಂದನ ನಿಂತಾರ್ರಿ."

ಮಾನ ಉಳಿಸಿಕೊಳ್ಳಲು ಹಿಂಬಾಗಿಲಿಗೆ ಓಡಿದೆ. ಕೈಗೆ ಹಗ್ಗ ಸುತ್ತಿದ್ದು ನೆನಪಿಗೆ ಬಂದದ್ದು ಅದು ಜಗ್ಗಿದಾಗ. ಪರದೆ ಸರಸರನೆ ಮೇಲೇರಿತು. ಒಂದು ಕಾಲು ಬಾಗಿಲ ಕಡೆ, ಒಂದು ಕೈ ಆಕಾಶದ ಕಡೆ, ಬಾಯಿ ತೆರೆದುಕೊಂಡು ನಾನು ಇಡೀ ಸಭೆಗೆ ದರ್ಶನ ಕೊಟ್ಟೆ. ಚಪ್ಪಾಳೆ ನಿಲ್ಲಲೊಲ್ಲದು. ಅದರ ನಡುವೆ ಮೈಕಿನಲ್ಲೇ ಮಗಳ ಧ್ವನಿ ಕೇಳಿತು.

"ಹಿಂಗ, ಹಿಂಗ! ತಾಲೀಮಿನ್ಯಾಗ ಹಿಂಗ ಮಾಡಿದ್ರ ಪಾರ್ಟ್ ನಿನಗ ಕೊಡತಿದ್ದೆನಲ್ಲ ಅಪ್ಪಾ!"